ಕೋಳಿಗೆ ಗಾಯವಾದರೆ: ಕಿತ್ತ ಚರ್ಮಕ್ಕಿಂತ ಸೂಜಿ ತೂತಿಗೆ ಹೆದರಿ

ಹೋದ ವರ್ಷ ಮಳೆ ಹಿಡಿದಿದ್ದ ಒಂದು ಸಂಜೆ ಬೀದಿನಾಯಿಯೊಂದು ಬೇಲಿ ನುಸುಳಿ ನಮ್ಮ ಹಿತ್ತಲಿಗೆ ಬಂತು. ನಾನು ಕೋಲು ಹಿಡಿದು ಓಡುವಷ್ಟರಲ್ಲಿ ಎರಡು ಹ್ಯಾಟೆಗಳ ಮೇಲೆ ಬಾಯಿ ಹಾಕಿಯಾಗಿತ್ತು. ಒಂದರ ಬೆನ್ನಿನ ಚರ್ಮ ಅಂಗೈಯಗಲ ಕಿತ್ತು ಜೋತಾಡುತ್ತಿತ್ತು, ಕೆಳಗಿನ ಮಾಂಸ ಕೆಂಪಗೆ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ ನೋಡಿದವರೇ, "ಇದು ಉಳಿಯಲ್ಲ ಕಣಪ್ಪಾ, ಸುಮ್ನೆ ಕುಯ್ದು ಸಾರು ಮಾಡ್ಬಿಡು" ಅಂದರು. ಇನ್ನೊಂದಕ್ಕೆ ಏನೂ ಆಗಿಲ್ಲ ಅನಿಸಿತು. ರೆಕ್ಕೆಯ ಬುಡದಲ್ಲಿ ಒಂದು ಹನಿ ರಕ್ತ, ಅಷ್ಟೇ. ರಾಗಿ ಹಾಕಿದರೆ ತಿಂದಿತು, ಕತ್ತಲಾದ ಮೇಲೆ ತಾನೇ ಗೂಡು ಸೇರಿತು. ಮೂರನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ ಅದು ಕಾಲು ಚಾಚಿ ಬಿದ್ದಿತ್ತು. ಅಜ್ಜಿ ಸಾರು ಮಾಡು ಅಂದಿದ್ದ ಕೋಳಿ ಇವತ್ತಿಗೂ ಮೊಟ್ಟೆ ಇಡುತ್ತಿದೆ.

ಇದು ಅದೃಷ್ಟದ ಮಾತಲ್ಲ. ಕೋಳಿ ಸಾಕುವವರು ಬಹಳ ಜನ ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದು ಇಲ್ಲೇ. ಗಾಯ ಎಷ್ಟು ದೊಡ್ಡದು ಅಂತ ನೋಡಿ ಅಪಾಯವನ್ನು ಅಳೆಯುತ್ತೇವೆ. ಕೋಳಿಯ ವಿಷಯದಲ್ಲಿ ಆ ಲೆಕ್ಕ ಸುಮಾರು ಸಲ ತಲೆಕೆಳಗು.

ಯಾಕೆ ಅಂದರೆ, ಕೋಳಿಯ ಚರ್ಮ ತುಂಬಾ ತೆಳು, ಮಾಂಸಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಎಳೆದರೆ ಹಳೇ ಬಟ್ಟೆ ಹರಿದ ಹಾಗೆ ಉದ್ದಕ್ಕೂ ಹರಿದುಬಿಡುತ್ತದೆ. ನೋಡಲು ಭಯಂಕರ, ಆದರೆ ಒಳಗಿನ ಮಾಂಸಕ್ಕೆ ಪೆಟ್ಟು ಬೀಳದಿದ್ದರೆ ರಕ್ತ ಅಷ್ಟೇನೂ ಹೋಗುವುದಿಲ್ಲ. ಗಾಯ ಬಾಯಿ ತೆರೆದುಕೊಂಡಿರುವುದರಿಂದ ತೊಳೆಯಬಹುದು, ದಿನಾ ನೋಡಬಹುದು, ಗಾಳಿಯೂ ಆಡುತ್ತದೆ. ನಾಯಿ ಬೆಕ್ಕಿನ ಹಲ್ಲು ಇಳಿದ ತೂತು ಹಾಗಲ್ಲ. ಹಲ್ಲು ಆಳಕ್ಕೆ ಹೋಗಿ, ಬಾಯಲ್ಲಿರುವ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಟ್ಟು ಹೊರಗೆ ಬರುತ್ತದೆ. ಮೇಲಿನ ತೂತು ಮುಚ್ಚಿಕೊಳ್ಳುತ್ತದೆ, ಪುಕ್ಕ ಅದನ್ನೂ ಮರೆ ಮಾಡುತ್ತದೆ, ಒಳಗೆ ಕೊಳೆಯುವುದು ಶುರುವಾಗುತ್ತದೆ. ಅದರಲ್ಲೂ ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯ. ಕೋಳಿಗಳಿಗೆ ಕಾಲರಾ ತರುವುದೂ ಇದೇ ಕುಲದ್ದು. ಹಾಗಾಗಿ ಬೆಕ್ಕು ಸುಮ್ನೆ ಹಿಡಿದು ಬಿಟ್ಟಿತು, ಏನೂ ಆಗಿಲ್ಲ ಅಂತ ಕೈಬಿಡಬೇಡಿ. ಹಲ್ಲು ತಾಗಿದೆ ಅಂತ ಖಾತ್ರಿಯಾದರೆ ಅದೇ ದಿನ ಪಶುವೈದ್ಯರ ಹತ್ತಿರ ಆಂಟಿಬಯಾಟಿಕ್ ಕೇಳಬೇಕು, ಮೂರನೇ ದಿನ ಅಲ್ಲ.

ಇದರ ಜೊತೆಗೆ ಕೋಳಿ ನಟನೆಯಲ್ಲಿ ಪಳಗಿದ್ದು. ನೋವು ತೋರಿಸಿದರೆ ಬೇರೆ ಕೋಳಿಗಳು ಕುಕ್ಕುತ್ತವೆ, ಗಿಡುಗನ ಕಣ್ಣಿಗೂ ಬೇಗ ಬೀಳುತ್ತದೆ. ಅದಕ್ಕೆ ಕೈಲಾದಷ್ಟು ಹೊತ್ತು ಏನೂ ಆಗದ ಹಾಗೆ ಇರುತ್ತದೆ. ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು ಅಂದರೆ ಆಗಲೇ ತಡವಾಗಿದೆ.

ಈಗ ಪೆಟ್ಟು ಬಿದ್ದ ಕೂಡಲೇ ಏನು ಮಾಡಬೇಕು ನೋಡೋಣ. ಔಷಧಿ ಹುಡುಕುವುದಲ್ಲ. ಮೊದಲು ಕೋಳಿಯನ್ನು ಗುಂಪಿನಿಂದ ಎತ್ತಬೇಕು. ಅಟ್ಟಾಡಿಸಬೇಡಿ, ಹೆದರಿದ ಕೋಳಿ ಓಡಿ ಓಡಿಯೇ ಸಾಯಬಹುದು. ಮೇಲೆ ಒಂದು ಟವೆಲ್ ಹಾಕಿ, ರೆಕ್ಕೆ ಮೈಗೆ ಒತ್ತಿ, ಕಂಕುಳಲ್ಲಿ ಇಟ್ಟುಕೊಳ್ಳಿ. ಎದೆ ಮಾತ್ರ ಹಿಂಡಬೇಡಿ. ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ವಪೆ (ಡಯಾಫ್ರಮ್) ನಮಗಿರುವ ಹಾಗೆ ಕೋಳಿಗಿಲ್ಲ. ಎದೆಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಗಟ್ಟಿಯಾಗಿ ಅಪ್ಪಿಕೊಂಡರೆ ಪ್ರೀತಿಯಲ್ಲೇ ಉಸಿರು ಕಟ್ಟಿಸಿದ ಹಾಗೆ.

ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತಾ ನಿಂತಿತಾ ಅಂತ ನಡುನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಸೋರುತ್ತದೆ. ಒಂದೂವರೆ ಕೆಜಿ ಕೋಳಿಯ ಮೈಯಲ್ಲಿ ಇರುವ ಒಟ್ಟು ರಕ್ತವೇ ಸುಮಾರು 100 ಮಿಲಿ, ಒಂದು ಕಾಫಿ ಲೋಟದಷ್ಟು. ಉಗುರು ಮುರಿದದ್ದು, ಜುಟ್ಟಿನ ತುದಿ ಹರಿದದ್ದು ಇಂಥವಕ್ಕೆ ಅರಿಶಿನದ ಪುಡಿಯೋ ಕಾರ್ನ್ ಫ್ಲೋರೋ ಒತ್ತಿದರೆ ಸಾಕು. ಕ್ಷೌರದಂಗಡಿಯಲ್ಲಿ ಉಜ್ಜುವ ಪಟಿಕದ ಪುಡಿಯೂ ಆಗುತ್ತದೆ. ಆಳದ ಗಾಯಕ್ಕೆ ಈ ಪುಡಿಗಳನ್ನು ತುಂಬಬೇಡಿ, ಆಮೇಲೆ ತೊಳೆದು ತೆಗೆಯುವುದೇ ದೊಡ್ಡ ಕೆಲಸ.

ರಕ್ತ ನಿಂತಿತು ಅಂದರೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಹಾಸಿ, ಕೋಳಿಯನ್ನು ಒಳಗೆ ಬಿಟ್ಟು, ಗಾಳಿಗೆ ತೂತು ಮಾಡಿ ಕತ್ತಲು ಮಾಡಿ. ಪೆಟ್ಟಿಗೆ ಇಲ್ಲದಿದ್ದರೆ ಮಂಕರಿ ಕವುಚಿ ಮೇಲೊಂದು ಗೋಣಿ ಹಾಕಿ. ಕತ್ತಲಲ್ಲಿ ಕೋಳಿ ತಾನೇ ಶಾಂತವಾಗುತ್ತದೆ. ಗಾಯ ತೊಳೆಯುವುದಕ್ಕೆ ಮುಂಚೆ ಅರ್ಧ ಗಂಟೆ ಹೀಗೆ ಬಿಡುವುದು ಯಾವ ಔಷಧಿಗೂ ಕಡಿಮೆಯಲ್ಲ, ಯಾಕೆಂದರೆ ಎಷ್ಟೋ ಕೋಳಿಗಳು ಗಾಯದಿಂದಲ್ಲ, ಗಾಬರಿಯಿಂದ ಮತ್ತು ಮೈ ತಣ್ಣಗಾಗುವುದರಿಂದ ಹೋಗುತ್ತವೆ. ಕೋಳಿಯ ಮೈಬಿಸಿ ಸಹಜವಾಗಿ 41 ಡಿಗ್ರಿಯ ಆಸುಪಾಸು ಇರುತ್ತದೆ. ನಮ್ಮ ಕೈಗೆ ಬೆಚ್ಚಗಿದೆ ಅನಿಸಿದರೆ ಅದು ಜ್ವರ ಅಲ್ಲ.

ನೀರು ಕುಡಿಸುವ ಆತುರ ಎಲ್ಲರಿಗೂ ಇರುತ್ತದೆ ಅಲ್ವಾ? ಕೊಕ್ಕು ಬಿಡಿಸಿ ಸುರಿಯಬೇಡಿ. ನಾಲಿಗೆಯ ಬುಡದಲ್ಲೇ ಉಸಿರಿನ ಕಿಂಡಿ ತೆರೆದಿರುತ್ತದೆ, ಸುರಿದ ನೀರು ಸೀದಾ ಅಲ್ಲಿಗೆ ಹೋಗಬಹುದು. ಬೆಲ್ಲ ಮತ್ತು ಒಂದು ಚಿಟಿಕೆ ಉಪ್ಪು ಕರಗಿಸಿದ ನೀರಿನಲ್ಲಿ ಕೊಕ್ಕಿನ ತುದಿ ಅದ್ದಿ. ಬೇಕಿದ್ದರೆ ಕುಡಿಯುತ್ತದೆ.

ಆಮೇಲೆ ಹುಡುಕಾಟ. ಒಂದು ಗಾಯ ಸಿಕ್ಕಿತು ಅಂತ ನಿಲ್ಲಿಸಬೇಡಿ. ಟಾರ್ಚ್ ಹಿಡಿದು ಪುಕ್ಕದ ನಡುವೆ ಊದುತ್ತಾ ನೋಡಿ, ಊದಿದರೆ ಚರ್ಮ ಕಾಣುತ್ತದೆ. ರೆಕ್ಕೆಯ ಕೆಳಗೆ, ತೊಡೆಯ ಸಂದಿ, ಬಾಲದ ಬುಡ, ಮೊಟ್ಟೆ ಇಡುವ ದ್ವಾರದ ಸುತ್ತ. ನಾಯಿ ಕಚ್ಚಿದ್ದರೆ ಒಂದು ಹಲ್ಲಿನ ಗುರುತಿನ ಎದುರಿಗೆ ಇನ್ನೊಂದು ಇದ್ದೇ ಇರುತ್ತದೆ, ಎರಡು ದವಡೆ ತಾನೇ! ಹೋದ ವರ್ಷ ನಾನು ಹುಡುಕದೇ ಇದ್ದದ್ದು ಇದನ್ನೇ. ಪುಕ್ಕದ ಮೇಲೆ ನಾಯಿಯ ಜೊಲ್ಲು ಇರುತ್ತದೆ, ನಿಮ್ಮ ಕೈಯಲ್ಲಿ ಗೀರು ಇದ್ದರೆ ಗ್ಲೌಸ್ ಹಾಕಿಕೊಳ್ಳಿ, ಮುಗಿದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ.

ಗಾಯದ ಸುತ್ತಲ ಪುಕ್ಕವನ್ನು ಕತ್ತರಿಯಲ್ಲಿ ಕತ್ತರಿಸಬೇಕು, ಕೀಳಬಾರದು. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಎಳೆಯ ಪುಕ್ಕ ಕತ್ತರಿಸದಂತೆ ಎಚ್ಚರ, ಅದರ ಕಡ್ಡಿಯೊಳಗೆ ರಕ್ತ ಹರಿಯುತ್ತಿರುತ್ತದೆ. ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು ಸಾಕು. ಸೂಜಿ ತೆಗೆದ 20 ಮಿಲಿ ಸಿರಿಂಜಿನಲ್ಲಿ ತುಂಬಿ ಮೆಲ್ಲಗೆ ಚಿಮ್ಮಿಸಿ. ಮಣ್ಣು, ಪುಕ್ಕದ ಚೂರು, ಹಿಕ್ಕೆ ಎಲ್ಲ ಹೋಗುವ ತನಕ. ಹತ್ತಿಯಲ್ಲಿ ಉಜ್ಜುವುದಕ್ಕಿಂತ ಇದು ಎಷ್ಟೋ ಮೇಲು, ಹತ್ತಿಯ ನಾರು ಗಾಯಕ್ಕೆ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಅಪಾಯವಿದೆ. ಕೋಳಿಯ ಮೈಯೊಳಗೆ ಶ್ವಾಸಕೋಶ ಮಾತ್ರವಲ್ಲ, ಹೊಟ್ಟೆಯವರೆಗೂ ಹರಡಿದ ಗಾಳಿಚೀಲಗಳಿವೆ. ರೆಕ್ಕೆಯ ಮೇಲಿನ ಮೂಳೆ ಕೂಡ ಒಳಗೆ ಟೊಳ್ಳು, ಅದಕ್ಕೂ ಗಾಳಿಚೀಲಕ್ಕೂ ಸಂಪರ್ಕ ಇದೆ. ತೂತಿನಿಂದ ಉಸಿರಿನ ತಾಳಕ್ಕೆ ಗುಳ್ಳೆ ಬರುತ್ತಿದ್ದರೆ ಒಂದು ಹನಿ ನೀರೂ ಹಾಕಬೇಡಿ. ಅಲ್ಲಿ ಸುರಿದ ನೀರು ಉಸಿರಿನ ದಾರಿಗೇ ಹೋಗುತ್ತದೆ. ಶುಭ್ರ ಬಟ್ಟೆ ಮುಚ್ಚಿ ವೈದ್ಯರ ಹತ್ತಿರ ಹೊರಡಿ. ಕೆಲವೊಮ್ಮೆ ಗಾಯ ಮುಚ್ಚಿ ಒಂದೆರಡು ದಿನದ ಮೇಲೆ ಕುತ್ತಿಗೆಯೋ ಪಕ್ಕೆಯೋ ಬಲೂನಿನ ಹಾಗೆ ಉಬ್ಬುತ್ತದೆ, ಮುಟ್ಟಿದರೆ ಚರಚರ ಅನ್ನುತ್ತದೆ. ಅದು ಕೀವಲ್ಲ, ಚೀಲದಿಂದ ಸೋರಿದ ಗಾಳಿ. ಅದನ್ನೂ ವೈದ್ಯರೇ ನೋಡಲಿ.

ಹಚ್ಚುವುದು ಏನು? ಪೊವಿಡೋನ್ ಅಯೋಡಿನ್, ಅಂದರೆ ಬೆಟಾಡಿನ್ ಥರದ್ದು, ಹಾಲು ಹಾಕದ ತಿಳಿ ಟೀ ಬಣ್ಣ ಬರುವಷ್ಟು ನೀರು ಬೆರೆಸಿ ಮೊದಲ ದಿನ ತೊಳೆಯಲು ಒಳ್ಳೆಯದು. ನಂತರ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ತೆಳ್ಳಗೆ ಹಚ್ಚಬಹುದು. ಮನೆಮದ್ದಿನಲ್ಲಿ ಅರಿಶಿನ, ತೆಂಗಿನೆಣ್ಣೆ ಮೇಲುಮೇಲಿನ ಗಾಯಕ್ಕೆ ಪರವಾಗಿಲ್ಲ. ಅರಿಶಿನ ಹಚ್ಚಿದರೆ ಕುಕ್ಕುವ ಕೋಳಿಗಳ ಕಣ್ಣಿಗೆ ಕೆಂಪು ಮರೆಯಾಗುತ್ತದೆ ಅನ್ನುವುದೂ ಒಂದು ಲಾಭ. ಎಣ್ಣೆ ಮಾತ್ರ ಗಾಯಕ್ಕೆ ಎಷ್ಟು ಬೇಕೋ ಅಷ್ಟೇ. ಪುಕ್ಕಕ್ಕೆಲ್ಲ ಮೆತ್ತಿದರೆ ಅದು ಬಿಸಿ ಹಿಡಿದಿಡುವುದಿಲ್ಲ, ಮಳೆಗಾಲದಲ್ಲಿ ಕೋಳಿ ನಡುಗುತ್ತದೆ. ಜೇನುತುಪ್ಪ ಗಾಯಕ್ಕೆ ನಿಜವಾಗಿಯೂ ಒಳ್ಳೆಯದು, ಬ್ಯಾಕ್ಟೀರಿಯಾಗೆ ಬೇಕಾದ ನೀರನ್ನೇ ಅದು ಹೀರಿಕೊಳ್ಳುತ್ತದೆ. ಆದರೆ ನಮ್ಮ ಊರಿನ ಕೆಂಪಿರುವೆಗಳಿಗೆ ಇದು ಗೊತ್ತಿಲ್ಲವೇ! ಜೇನು ಹಚ್ಚುವುದಾದರೆ ಪಂಜರದ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಡಿ.

ಬೇಡವಾದದ್ದರ ಪಟ್ಟಿ ಜಾಸ್ತಿ ಇದೆ. ಸ್ಪಿರಿಟ್, ಡೆಟಾಲ್, ಫಿನಾಯಿಲ್, ಸೀಮೆಎಣ್ಣೆ, ಹೊಗೆಸೊಪ್ಪು, ಸುಣ್ಣ, ಯಾವುದೂ ಬೇಡ. ಗಾಯ ಸುಡುತ್ತದೆ, ಹೊಸದಾಗಿ ಬರುವ ಮಾಂಸವೂ ಸತ್ತುಹೋಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ಏನೋ ಕೆಲಸ ಆಗುತ್ತಿದೆ ಅನಿಸುತ್ತದೆ, ದಿನಾ ಹಾಕಿದರೆ ಗಾಯ ಮಾಯುವುದೇ ಇಲ್ಲ. ನೋವು ಮರಗಟ್ಟಿಸುವ ಲಿಗ್ನೊಕೇನ್, ಬೆಂಜೊಕೇನ್ ಇರುವ ಮುಲಾಮು ಹಕ್ಕಿಗಳಿಗೆ ಸ್ವಲ್ಪ ಜಾಸ್ತಿಯಾದರೂ ವಿಷ. ದನದ ಗಾಯಕ್ಕೆ ತಂದಿಟ್ಟ ಹುಳದ ಮುಲಾಮನ್ನೂ ಕೇಳದೆ ಹಚ್ಚಬೇಡಿ. ಕೋಳಿ ಕೊಕ್ಕಿನಿಂದ ಪುಕ್ಕ ನೀವಿಕೊಳ್ಳುತ್ತದೆ, ಮೈಗೆ ಹಚ್ಚಿದ್ದೆಲ್ಲ ಕೊನೆಗೆ ಹೊಟ್ಟೆಗೆ.

ಹೊಲಿಗೆ ಹಾಕೋಣವಾ ಅಂತ ಕೇಳುತ್ತಾರೆ. ಕಚ್ಚಿದ ಗಾಯವನ್ನು ಮನೆಯಲ್ಲಿ ಹೊಲಿಯಬೇಡಿ. ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತದೆ. ಅಂಗೈಯಗಲದ ಗಾಯವೂ ಅಂಚಿನಿಂದ ಒಳಗೆ ಸರಿಯುತ್ತಾ ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಕೋಳಿಗೆ ಐದಾರು ವಾರ ಹಿಡಿಯಿತು.

ಹೋದ ಮಾತು ಬಿಡಿ, ಮುಂದಿನ ದಿನಗಳಲ್ಲಿ ಕಣ್ಣು ಮೋಸ ಹೋಗುವ ಇನ್ನೆರಡು ವಿಷಯಗಳಿವೆ. ಒಂದು, ಹಸಿರು ಬಣ್ಣ. ಪೆಟ್ಟು ಬಿದ್ದ ಎರಡು ಮೂರು ದಿನಕ್ಕೆ ಗಾಯದ ಸುತ್ತಲ ಚರ್ಮ ಹಸಿರಾಗುತ್ತದೆ, ಕೊಳೆಯಿತು ಅಂತ ಜನ ಗಾಬರಿಯಾಗುತ್ತಾರೆ. ನಮಗೆ ಪೆಟ್ಟು ಬಿದ್ದಾಗ ನೀಲಿ, ಹಸಿರು ಆಗಿ ಕೊನೆಗೆ ಹಳದಿಯಾಗುತ್ತದೆ. ರಕ್ತ ಒಡೆದಾಗ ಹುಟ್ಟುವ ಹಸಿರು ವಸ್ತುವನ್ನು ಹಳದಿಗೆ ಬದಲಿಸುವ ಕಿಣ್ವ ಕೋಳಿಗೆ ಇಲ್ಲ, ಅದಕ್ಕೆ ಹಸಿರಲ್ಲೇ ನಿಲ್ಲುತ್ತದೆ. ಕೆಟ್ಟ ವಾಸನೆ ಇಲ್ಲ, ಕೋಳಿ ತಿನ್ನುತ್ತಿದೆ ಅಂದರೆ ಹಸಿರಿಗೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು, ಕೀವು. ಕೋಳಿಯ ಕೀವು ನೀರಾಗಿ ಸೋರುವುದಿಲ್ಲ, ಗಟ್ಟಿ ಪನೀರಿನ ಹಾಗೆ ಹೆಪ್ಪುಗಟ್ಟುತ್ತದೆ. ಕೀವು ಕರಗಿಸುವ ಕಿಣ್ವ ನಮ್ಮ ಬಿಳಿ ರಕ್ತಕಣದಲ್ಲಿ ಇರುವ ಹಾಗೆ ಅದರ ರಕ್ತಕಣದಲ್ಲಿ ಇಲ್ಲ. ಹಾಗಾಗಿ ಕೀವು ಕಾಣಲಿಲ್ಲ, ಎಲ್ಲ ಸರಿ ಅನ್ನುವಂತಿಲ್ಲ. ಗಂಟು ಗಟ್ಟಿಯಾಗಿ ಊದಿದರೆ ಹಿಂಡಿ ಪ್ರಯೋಜನವಿಲ್ಲ, ವೈದ್ಯರೇ ಕೊಯ್ದು ತೆಗೆಯಬೇಕು.

ಮಳೆಗಾಲದಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ನೊಣ. ಬೆಳಗ್ಗೆ ಗಾಯದ ಅಂಚಿನಲ್ಲಿ ಅಕ್ಕಿನುಚ್ಚಿನ ಹಾಗೆ ಬಿಳಿ ಮೊಟ್ಟೆ ಕಂಡರೆ ಒಂದು ದಿನದೊಳಗೆ ಹುಳ. ಆ ಹುಳ ಒಳಗೆ ಕೊರೆದರೆ ಒಳ್ಳೆಯ ಕೋಳಿಯೂ ಎರಡು ದಿನದಲ್ಲಿ ಹೋಗುತ್ತದೆ. ಹಿಕ್ಕೆ ಅಂಟಿದ ಬಾಲದ ಬುಡವೇ ನೊಣಕ್ಕೆ ಇಷ್ಟದ ಜಾಗ. ದಿನಕ್ಕೆ ಎರಡು ಸಲ ನೋಡಿ, ಪಂಜರಕ್ಕೆ ಸೊಳ್ಳೆಪರದೆ ಸುತ್ತಿ. ಹುಳ ಬಿದ್ದಿದ್ದರೆ ಉಗುರುಬೆಚ್ಚಗಿನ ಉಪ್ಪುನೀರು ಚಿಮ್ಮಿಸಿ, ಮೇಲೆ ಬಂದ ಹಾಗೆ ಒಂದೊಂದೇ ಚಿಮಟದಲ್ಲಿ ತೆಗೆಯಿರಿ. ತಾಳ್ಮೆ ಬೇಕು, ಅಸಹ್ಯವೂ ಆಗುತ್ತದೆ. ದನಕ್ಕೆ ಹುಳ ಬಿದ್ದಾಗ ಕರ್ಪೂರದ ತೆಂಗಿನೆಣ್ಣೆಯನ್ನೋ ಸೀತಾಫಲದ ಎಲೆ ಅರೆದೋ ಹಚ್ಚುವುದು ನಮ್ಮಲ್ಲಿ ಹಳೇ ಪದ್ಧತಿ. ಟರ್ಪೆಂಟೈನ್ ಕೂಡ ಹಾಕುತ್ತಾರೆ. ಕೋಳಿಗೆ ಘಾಟು ಎಣ್ಣೆಗಳ ಸಹವಾಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದರ ಉಸಿರಿನ ಅಂಗ ಅಷ್ಟು ಸೂಕ್ಷ್ಮ.

ನೋವಿಗೆ ಮನೆಯಲ್ಲಿದ್ದ ಮಾತ್ರೆ ಅರ್ಧ ಮುರಿದು ಕೊಡುವವರಿಗೆ ಒಂದು ಮಾತು. ಡೈಕ್ಲೋಫೆನಾಕ್ ಕೊಡಲೇಬೇಡಿ. ನಮ್ಮ ದೇಶದ ರಣಹದ್ದುಗಳು ಹೆಚ್ಚುಕಡಿಮೆ ಅಳಿದುಹೋದದ್ದು ಇದರಿಂದಲೇ. ಈ ಔಷಧಿ ಕೊಟ್ಟ ದನ ಸತ್ತಾಗ ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟುಹೋಯಿತು. 2006ರಲ್ಲಿ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅಳಿದುಳಿದ ಹದ್ದುಗಳಿಗಾಗಿಯೇ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದ್ದಾರೆ. ಕೋಳಿಯ ಕಿಡ್ನಿಗೂ ಇದು ಆಗಿಬರುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕ್ಯಾಂ ಕೊಡುತ್ತಾರೆ, ತೂಕ ನೋಡಿ. ಆಂಟಿಬಯಾಟಿಕ್ಕೂ ಹಾಗೇ, ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಔಷಧಿ ನಡೆಯುವಾಗ ಮತ್ತು ಮುಗಿದ ಮೇಲೂ ಕೆಲವು ದಿನ ಆ ಕೋಳಿಯ ಮೊಟ್ಟೆ ತಿನ್ನಬಾರದು. ಎಷ್ಟು ದಿನ ಅಂತ ಅವರನ್ನೇ ಕೇಳಿ, ಔಷಧಿಯಿಂದ ಔಷಧಿಗೆ ಬೇರೆ. ಒಂದು ಕೋಳಿಗೆ ಡಾಕ್ಟರಾ ಅಂತ ನಗುವವರು ನಗಲಿ. ಆಸ್ಪತ್ರೆ ದೂರವಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ಕಾಲಿನ ಗಾಯಕ್ಕೆ ಬೇರೆಯೇ ಗಮನ ಬೇಕು. ಕುಂಟುವ ಕೋಳಿಯನ್ನು ಎತ್ತಿ ಬೆರಳಿನ ಸಂದಿ ನೋಡಿ. ಎಷ್ಟೋ ಸಲ ಮೂಳೆ ಮುರಿದಿರುವುದಿಲ್ಲ, ಉದ್ದ ಕೂದಲೋ ಚೀಲದ ದಾರವೋ ಬೆರಳಿಗೆ ಬಿಗಿದು ಮಾಂಸದೊಳಗೆ ಹೂತುಹೋಗಿರುತ್ತದೆ. ಸಣ್ಣ ಕತ್ತರಿಯಲ್ಲಿ ಬಿಡಿಸದಿದ್ದರೆ ಬೆರಳು ಕಪ್ಪಾಗಿ ಉದುರುತ್ತದೆ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಅದು ಅಂಗಾಲಿನ ಗಂಟು. ಸಣ್ಣ ಗೀರಿನಿಂದ ಬ್ಯಾಕ್ಟೀರಿಯಾ ಹೊಕ್ಕು ಒಳಗೆ ಆ ಪನೀರು ಕೀವು ತುಂಬಿರುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ತೂಕದ ಕೋಳಿ ಎತ್ತರದಿಂದ ಗಟ್ಟಿ ನೆಲಕ್ಕೆ ದುಮುಕಿದರೆ ಇದು ಬರುವುದು ಜಾಸ್ತಿ. ನಾಟಿ ಕೋಳಿ ಹಲಸಿನ ಮರದಿಂದ ಹಾರಿದರೂ ಹಗುರವಾಗಿ ಇಳಿಯುತ್ತದೆ, ಭಾರದ ಕೋಳಿ ಕೂರುವುದಕ್ಕೆ ಎರಡು ಅಡಿ ಎತ್ತರದ ಅಡ್ಡಗೋಲು ಸಾಕು. ಗಂಟು ಸಣ್ಣದಿದ್ದಾಗ ಬೆಚ್ಚಗಿನ ಉಪ್ಪುನೀರಲ್ಲಿ ಕಾಲು ನೆನೆಸಿ, ಅಯೋಡಿನ್ ಹಚ್ಚಿ, ಬಟ್ಟೆ ಕಟ್ಟಿ, ಒಣ ಹುಲ್ಲಿನ ಮೇಲೆ ಬಿಡಿ. ದೊಡ್ಡದಾದರೆ ಬ್ಲೇಡು ಹಿಡಿಯಬೇಡಿ, ಆ ಜಾಗದಲ್ಲಿ ನರ, ಸ್ನಾಯು ಎಲ್ಲ ಹತ್ತಿರ ಹತ್ತಿರ ಇವೆ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ನರುಳ್ಳೆಯಂಥ ಕಪ್ಪು ಹಕ್ಕಳೆ ಎದ್ದಿದ್ದರೆ ಅದು ಗಾಯವೇ ಅಲ್ಲ, ಕೋಳಿ ಸಿಡುಬು. ಸೊಳ್ಳೆಯಿಂದ ಹರಡುವ ವೈರಸ್. ಕಿತ್ತರೆ ರಕ್ತ ಬರುತ್ತದೆ, ಬೇರೆಯವಕ್ಕೂ ಅಂಟುತ್ತದೆ. ಮೊಟ್ಟೆ ದ್ವಾರದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೂ ಕಚ್ಚಿದ ಗಾಯ ಅಂದುಕೊಳ್ಳಬೇಡಿ, ಅದು ಒಳಗಿನ ನಾಳವೇ ಹೊರಗೆ ಜಾರಿರುವುದು. ತಕ್ಷಣ ಬೇರೆ ಮಾಡಿ, ಇಲ್ಲದಿದ್ದರೆ ಉಳಿದ ಕೋಳಿಗಳು ಕುಕ್ಕಿ ಕರುಳನ್ನೇ ಎಳೆಯುತ್ತವೆ.

ಕುಕ್ಕುವ ವಿಷಯ ಕೊನೆಗೆ ಇಟ್ಟೆ, ಆದರೆ ಗುಣವಾದ ಕೋಳಿಯನ್ನು ಕಳೆದುಕೊಳ್ಳುವುದು ಇಲ್ಲೇ. ಕೆಂಪು ಕಂಡರೆ ಕೋಳಿಗಳಿಗೆ ತಡೆಯಲು ಆಗುವುದಿಲ್ಲ. ಒಂದು ಕುಕ್ಕಿದರೆ ಎಲ್ಲ ಸೇರುತ್ತವೆ, ಹಿಂದಿನ ದಿನ ಜೊತೆಗೆ ಮಣ್ಣಲ್ಲಿ ಹೊರಳಾಡಿದವೇ! ಹಾಗಂತ ಪೂರ್ತಿ ದೂರ ಇಟ್ಟು ತಿಂಗಳಾದ ಮೇಲೆ ತಂದರೆ ಹೊಸಬಳು ಅಂತ ಹೊಡೆಯುತ್ತವೆ. ಅದಕ್ಕೆ ಗೂಡಿನ ಪಕ್ಕದಲ್ಲೇ, ಜಾಲರಿಯ ಆಚೆ ಇಡಬೇಕು. ನೋಡಲಿ, ಕೂಗಿಗೆ ಕೂಗು ಕೊಡಲಿ, ಮುಟ್ಟಲಾಗಬಾರದು. ಗಾಯದ ಮೇಲೆ ಒಣ ಚರ್ಮ ಪೂರ್ತಿ ಬಂದು, ಕೆಂಪು ಕಾಣದಾದ ಮೇಲೆ ಒಂದು ರಾತ್ರಿ ಎಲ್ಲವೂ ಮಲಗಿದಾಗ ನಡುವೆ ಕೂರಿಸಿ. ಮಾರನೇ ದಿನ ಎರಡು ಕಡೆ ಕಾಳು ಹಾಕಿ, ಜಗಳಕ್ಕೆ ನೆಪ ಸಿಗದ ಹಾಗೆ. ಹುಂಜ ಇದ್ದರೆ ಅದನ್ನು ಇನ್ನೂ ಸ್ವಲ್ಪ ದಿನ ಬೇರೆ ಇಡಿ, ಅದು ಹತ್ತುವುದೇ ಬೆನ್ನಿನ ಮೇಲೆ, ಹೊಸ ಚರ್ಮ ಅದರ ಉಗುರಿಗೆ ತಡೆಯುವುದಿಲ್ಲ.

ನಮ್ಮ ಹ್ಯಾಟೆಗೆ ಹಳೇ ಪಂಚೆ ಹರಿದು, ರೆಕ್ಕೆಗೆ ತೂರಿಸುವ ಎರಡು ಎಲಾಸ್ಟಿಕ್ ಹೊಲಿದು, ಬೆನ್ನಿಗೊಂದು ಹೊದಿಕೆ ಮಾಡಿ ಹಾಕಿದ್ದೆ. ಅಜ್ಜಿ ದಿನಾ ಬೇಲಿಯಿಂದ ಇಣುಕಿ, "ನಿಮ್ಮ ಕೋಳಿಗೆ ಮದುವೆನಾ?" ಅಂತ ಕೇಳುತ್ತಿದ್ದರು. ಎರಡು ತಿಂಗಳಾದ ಮೇಲೆ ಬಟ್ಟೆ ತೆಗೆದಾಗ ಬೆನ್ನಿನ ಅಂಚಿನಲ್ಲೆಲ್ಲ ಮುಳ್ಳಿನ ಹಾಗೆ ಹೊಸ ಪುಕ್ಕದ ಕಡ್ಡಿ ಎದ್ದಿತ್ತು. ನಡುವಿನ ಎರಡು ಬೆರಳಗಲ ಜಾಗ ಇವತ್ತಿಗೂ ಬೋಳಾಗಿಯೇ ಇದೆ.